ಉಪ್ಪುಗಾಳಿಯ ಊರಿನಲ್ಲಿ ಸ್ಪೀಕರ್ ಕಟ್ಟುವ ಸಾಮಾನು

ಸ್ಪೀಕರ್ ಕಟ್ಟಬೇಕೆಂದಿದ್ದೇನೆ, ಏನೇನು ತರಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಎರಡು ವಿಷಯ ವಿಚಾರಿಸುತ್ತೇನೆ. ಅದರಲ್ಲಿ ಹೆಚ್ಚಾಗಿ ಏನನ್ನು ಕೇಳುತ್ತೀರಿ? ಅದನ್ನಿಡುವ ಕೋಣೆ ಸಮುದ್ರಕ್ಕೆ ಎಷ್ಟು ಹತ್ತಿರ? ಈ ಎರಡನೆಯ ಪ್ರಶ್ನೆ ಒಣ ಹವೆಯ ಊರಿನವರಿಗೆ ಹೊಳೆಯುವುದೇ ಇಲ್ಲ. ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಕಡೆಗೆ ನಮ್ಮ ಮನೆ. ಇಲ್ಲಿ ಕಿಟಕಿಯ ಸರಳು, ಗೇಟಿನ ತಿರುಗಣೆ, ಹೊಲಿಗೆಯ ಕತ್ತರಿ ಎಲ್ಲವೂ ತುಕ್ಕು ಹಿಡಿಯುತ್ತವೆ. ಆಷಾಢದಲ್ಲಿ ಪುಸ್ತಕದ ರಟ್ಟಿನ ಮೇಲೆ ಬೂಷ್ಟು ಕೂರುತ್ತದೆ. ಇಂಥ ಹವೆಯಲ್ಲಿ ಹತ್ತಾರು ವರ್ಷ ಬಾಳಬೇಕಾದ ಪೆಟ್ಟಿಗೆಗೆ ಸಾಮಾನು ಆರಿಸುವಾಗ ಮಳೆಗಾಲವನ್ನು ಮೊದಲು ನೆನೆಯಬೇಕು, ನಾದವನ್ನು ಆಮೇಲೆ. ಕೊಳೆತ ಪೆಟ್ಟಿಗೆಯಿಂದ ಒಳ್ಳೆಯ ನಾದ ಹೊರಡುವುದಿಲ್ಲ.

ನನ್ನ ಮೊದಲನೆಯ ಪ್ರಶ್ನೆಗೆ ನನ್ನದೇ ಉತ್ತರ: ತಾಳಮದ್ದಳೆ. ವೇಷ, ಕುಣಿತ ಇಲ್ಲದ ಆ ಕಲೆಯಲ್ಲಿ ಎಲ್ಲವೂ ಕಿವಿಯ ಪಾಲಿನದು. ಅರ್ಥಧಾರಿಯ ಮಾತಿನ ಒಂದು ಒತ್ತಕ್ಷರ ಮಸುಕಾದರೂ ವಾದದ ಮೊನೆ ಮೊಂಡಾಗುತ್ತದೆ. ಗಂಡು ಧ್ವನಿಯ ಮೂಲ ಕಂಪನ 80 ಹರ್ಟ್ಸ್‌ಗಿಂತ ಕೆಳಗೆ ಇಳಿಯುವುದು ಅಪರೂಪ. ಸಕಾರ, ಷಕಾರಗಳ ಸ್ಪಷ್ಟತೆ ಮತ್ತು ಚಂಡೆಯ ಪೆಟ್ಟಿನ ಮೊನಚು ಇರುವುದು ಕೆಲವು ಸಾವಿರ ಹರ್ಟ್ಸ್‌ಗಳಲ್ಲಿ. ಹಾಗಾಗಿ ನೆಲ ನಡುಗಿಸುವ ಬಾಸ್ ನನಗೆ ಬೇಡ. ಕೆಳಗಿನ ಸ್ವರಗಳಿಗೆ ಆರೂವರೆ ಇಂಚಿನ ಒಂದು ವೂಫರ್, ಮೇಲಿನ ಸ್ವರಗಳಿಗೆ ಒಂದು ಇಂಚಿನ ಒಂದು ಗುಮ್ಮಟದ ಟ್ವೀಟರ್ ಸಾಕು. ಸಿನಿಮಾ ನೋಡುವವರ ಲೆಕ್ಕ ಬೇರೆ, ಅವರ ಪೆಟ್ಟಿಗೆಯೂ ದೊಡ್ಡದು.

ಡ್ರೈವರ್, ಅಂದರೆ ವೂಫರ್, ಟ್ವೀಟರಿನಂಥ ಸದ್ದು ಹೊರಡಿಸುವ ಘಟಕ, ಕೊಳ್ಳುವಾಗ ಅಂಗಡಿಯವರು ಹೇಳುವ ವಾಟ್‌ಗಳಿಗೆ, ಅದರಲ್ಲೂ ಪಿಎಂಪಿಒ ಎಂದು ಅಚ್ಚಾದ ಸಾವಿರಗಟ್ಟಲೆ ವಾಟ್‌ಗಳಿಗೆ, ಕಿವಿಗೊಡಬೇಡಿ. ಮೂರು ಸಂಖ್ಯೆ ಕೇಳಿ: ಎಫ್‌ಎಸ್, ಕ್ಯೂಟಿಎಸ್, ವಿಎಎಸ್. ಕ್ರಮವಾಗಿ ಇವು ಡ್ರೈವರಿನ ಸಹಜ ಕಂಪನ, ಆ ಕಂಪನಕ್ಕಿರುವ ಹಿಡಿತ, ಅದರ ಕೋನನ್ನು (ಸದ್ದು ಹೊರಡಿಸಲು ಅದುರುವ ಶಂಕುವನ್ನು) ಹಿಡಿದಿರುವ ಮೆತ್ತನೆಯ ಭಾಗಗಳಷ್ಟೇ ಮೃದುವಾದ ಗಾಳಿಯ ಗಾತ್ರ. ಆಸ್ಟ್ರೇಲಿಯಾದ ನೆವಿಲ್ ಥೀಲ್ ಈ ಲೆಕ್ಕದ ಬಗ್ಗೆ 1961ರಲ್ಲಿ ಪ್ರಕಟಿಸಿದ ಲೇಖನ, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬರೆದ ಲೇಖನಗಳು, ಇವುಗಳಿಂದಾಗಿ ಇಂದು ಹೊನ್ನಾವರದ ಜಗಲಿಯಲ್ಲಿ ಕುಳಿತ ಒಬ್ಬ ಮಾಸ್ತರನೂ ಮರ ಕೊಯ್ಯುವ ಮೊದಲೇ ಪೆಟ್ಟಿಗೆಯ ಅಳತೆ ಹೇಳಬಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಕೃತಜ್ಞತೆ ಮೂಡುತ್ತದೆ. ಪೀರ್‌ಲೆಸ್, ಡೇಟನ್ ಆಡಿಯೋ, ಎಸ್‌ಬಿ ಅಕೂಸ್ಟಿಕ್ಸ್ ಮೊದಲಾದವರು ಈ ಸಂಖ್ಯೆಗಳನ್ನು ಪ್ರಕಟಿಸುತ್ತಾರೆ. ಸಂಖ್ಯೆಗಳೇ ಇಲ್ಲದ ಡ್ರೈವರ್ ಎಷ್ಟು ಅಗ್ಗಕ್ಕೆ ಸಿಕ್ಕರೂ ನಾನು ಮುಟ್ಟುವುದಿಲ್ಲ.

ಲೆಕ್ಕ ಹೀಗೆ. ಎಫ್‌ಎಸ್ 45 ಹರ್ಟ್ಸ್, ಕ್ಯೂಟಿಎಸ್ 0.40, ವಿಎಎಸ್ 25 ಲೀಟರ್ ಇರುವ ವೂಫರ್ ಎಂದುಕೊಳ್ಳಿ. ಮುಚ್ಚಿದ ಪೆಟ್ಟಿಗೆಯಲ್ಲಿ ನಮಗೆ ಬೇಕಾದ ಹಿಡಿತ 0.707. ಅದನ್ನು 0.40ರಿಂದ ಭಾಗಿಸಿ, ವರ್ಗ ಮಾಡಿ, ಒಂದನ್ನು ಕಳೆದರೆ 2.12 ಉಳಿಯುತ್ತದೆ. 25ನ್ನು ಅದರಿಂದ ಭಾಗಿಸಿದರೆ ಸುಮಾರು 12 ಲೀಟರ್. ಆ ಪೆಟ್ಟಿಗೆಯಲ್ಲಿ ವೂಫರಿನ ಕಂಪನ 80 ಹರ್ಟ್ಸ್‌ಗೆ ಏರುತ್ತದೆ, ಅಲ್ಲಿಂದ ಕೆಳಗೆ ಸದ್ದು ನಿಧಾನವಾಗಿ ಇಳಿಯುತ್ತದೆ. ತಾಳಮದ್ದಳೆಗೆ ಹೇಳಿ ಮಾಡಿಸಿದ ಅಳತೆ. ಒಳಗೆ 20 ಸೆಂಟಿಮೀಟರ್ ಅಗಲ, 20 ಆಳ, 30 ಎತ್ತರ. ಡ್ರೈವರಿನ ಬೆನ್ನು ಮತ್ತು ಆಧಾರದ ಪಟ್ಟಿಗಳು ನುಂಗುವ ಜಾಗಕ್ಕಾಗಿ ಎತ್ತರವನ್ನು ಎರಡು ಸೆಂಟಿಮೀಟರ್ ಹೆಚ್ಚಿಸಿಕೊಳ್ಳಿ.

ಗಾಳಿಕೊಳವೆ ಇರುವ ಪೆಟ್ಟಿಗೆ ಇನ್ನೂ ಕೆಳಗಿನ ಸ್ವರ ಕೊಡುತ್ತದೆ, ನಿಜ. ಆದರೆ ಕರಾವಳಿಯಲ್ಲಿ ನಾನು ಮುಚ್ಚಿದ ಪೆಟ್ಟಿಗೆಯ ಪರ. ಕೊಳವೆಯ ಮೂಲಕ ತೇವದ ಗಾಳಿ ಒಳಗೆ ಓಡಾಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮಣ್ಣಿನ ಗೂಡು ಕಟ್ಟುವ ಕಣಜದ್ದು. ತೆರೆದ ತೂತು ಕಂಡರೆ ಅದು ಬಿಡುವುದಿಲ್ಲ. ಹೆಂಚಿನ ಮನೆಯಲ್ಲಿ ಹಲ್ಲಿಯೂ ಹಾಗೆಯೇ.

ಇದೇ ಕಾರಣಕ್ಕೆ ಡ್ರೈವರಿನ ಮೈಯನ್ನೂ ನೋಡಿ ಕೊಳ್ಳಬೇಕು. ಕೋನಿನ ಸುತ್ತಲಿನ ಮೆತ್ತನೆಯ ಅಂಚು ಫೋಮ್‌ನದಾಗಿದ್ದರೆ ತೇವಕ್ಕೆ ಅದು ಪುಡಿಪುಡಿಯಾಗುತ್ತದೆ. ರಬ್ಬರಿನ ಅಂಚೇ ಬೇಕು. ಲೇಪನವಿಲ್ಲದ ಕಾಗದದ ಕೋನ್ ತೇವ ಹೀರುತ್ತದೆ. ಲೇಪನವಿರುವ ಕಾಗದ ಅಥವಾ ಪಾಲಿಪ್ರೊಪಿಲೀನ್ ಆಗಬಹುದು. ಚೌಕಟ್ಟು ಉಕ್ಕಿನ ತಗಡಾಗಿದ್ದರೆ ತುಕ್ಕು ಖಚಿತ, ಎರಕದ ಅಲ್ಯೂಮಿನಿಯಂ ಆದರೆ ನಿಶ್ಚಿಂತೆ. ಬೆಂಗಳೂರಿನ ಎಸ್‌ಪಿ ರಸ್ತೆ, ಮುಂಬೈನ ಲ್ಯಾಮಿಂಗ್ಟನ್ ರಸ್ತೆಗೆ ಹೋಗುವ ಅವಕಾಶವಿದ್ದರೆ ಕೈಯಲ್ಲಿ ಹಿಡಿದು ನೋಡಿಯೇ ತನ್ನಿ. ಕೋನನ್ನು ಎರಡೂ ಕಡೆ ಸಮನಾಗಿ, ಮೆಲ್ಲಗೆ ಒಳಕ್ಕೊತ್ತಿದಾಗ ಕೆರೆಯುವ ಸದ್ದು ಬರಬಾರದು. ಮಲ್ಟಿಮೀಟರ್ ಹಿಡಿದರೆ 8 ಓಮ್‌ನ ಡ್ರೈವರ್ ಸುಮಾರು 6 ಓಮ್ ತೋರಿಸುತ್ತದೆ.

ಇನ್ನು ಮರ. ನಮ್ಮ ಆಚಾರಿಯೊಡನೆ ನನ್ನ ಹಳೆಯ ಚರ್ಚೆ ಇದು. "ಮಾಸ್ತರೇ, ಮದ್ದಳೆಗೆ ಹಲಸು, ಚಂಡೆಗೆ ಹಲಸು. ನಿಮ್ಮ ಪೆಟ್ಟಿಗೆಗೆ ಮಾತ್ರ ಯಾಕೆ ಅಂಗಡಿಯ ಹಲಗೆ?" ಎಂಬುದು ಅವರ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ. ಮದ್ದಳೆಯ ಮರ ತಾನೂ ನುಡಿಯಬೇಕು, ಅದರ ನಾದವೇ ವಾದ್ಯದ ನಾದ. ಸ್ಪೀಕರಿನ ಪೆಟ್ಟಿಗೆ ಬಾಯಿ ಬಿಡಬಾರದು. ಭಾಗವತರ ಕಂಠಕ್ಕೆ ಪೆಟ್ಟಿಗೆಯ ಹಲಗೆ ತನ್ನ ದನಿ ಸೇರಿಸಿದರೆ ಎಲ್ಲ ಭಾಗವತರೂ ಒಂದೇ ತರಹ ಕೇಳುತ್ತಾರೆ. ಅದೂ ಅಲ್ಲದೆ ಇಡಿ ಮರದ ಅಗಲ ಹಲಗೆ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಮೂಲೆಯ ಕೀಲು ಬಿಡುತ್ತದೆ. ಹಲಸು, ಸಾಗವಾನಿಯನ್ನು ಅಂಚುಪಟ್ಟಿಗೂ ಸ್ಟ್ಯಾಂಡಿಗೂ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ. ಆಚಾರಿ ಈಗ ಅರ್ಧ ಒಪ್ಪಿದ್ದಾರೆ.

ಹೊರದೇಶದವರು ಮೆಚ್ಚುವ ಎಂಡಿಎಫ್ ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಸಮವಾದ ಹಲಗೆ, ಕೊಯ್ಯಲು ಸುಲಭ, ಒಳಗೆ ಟೊಳ್ಳು ಇರುವುದಿಲ್ಲ. ಆದರೆ ಅದರ ಕೊಯ್ದ ಅಂಚಿಗೆ ನೀರು ತಾಗಿತೋ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಶಿರಸಿಯಂಥ ಘಟ್ಟದ ಮೇಲಿನ ಊರಿನಲ್ಲಿ ಗೋಡೆಯಿಂದ ದೂರವಿಟ್ಟು ಎಲ್ಲ ಮೈಗೂ ಬಣ್ಣ ಬಳಿದರೆ ನಡೆದೀತು. ಕಡಲ ಬದಿಗೆ ನಾನು ಶಿಫಾರಸು ಮಾಡುವುದು 18 ಮಿಲಿಮೀಟರಿನ ಪ್ಲೈವುಡ್. ಹಲಗೆಯ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 710 ಎಂದಿದ್ದರೆ ಅದು ದೋಣಿಗೆ ಬಳಸುವ ದರ್ಜೆ; ಐಎಸ್ 303ರಲ್ಲಿ ಬಿಡಬ್ಲ್ಯೂಆರ್ (ಕುದಿಯುವ ನೀರಿಗೂ ತಡೆಯುವ ದರ್ಜೆ) ಎಂದಿದ್ದರೂ ಮನೆಯೊಳಗಿನ ಬಳಕೆಗೆ ಸಾಕು. ಎರಡರಲ್ಲೂ ಪದರಗಳನ್ನು ಹಿಡಿದಿರುವುದು ಫಿನಾಲಿಕ್ ಅಂಟು. ಬರಿಯ ತೇವಕ್ಕಷ್ಟೇ ತಡೆಯುವ ಎಂಆರ್ ದರ್ಜೆಯದು ಬೇಡ. ಕೊಳ್ಳುವಾಗ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಹಲಗೆಯುದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟಿ. ಸದ್ದು ಬದಲಾದ ಕಡೆ ಒಳಗೆ ಟೊಳ್ಳಿದೆ, ಮುಂದೆ ಅದೇ ಜಾಗ ಗುಂಯ್‌ಗುಡುತ್ತದೆ. ಈಗ ಎಚ್‌ಡಿಎಚ್‌ಎಂಆರ್ ಎಂಬ ಹಲಗೆಯೂ ಬರುತ್ತಿದೆ. ಎಂಡಿಎಫ್‌ಗಿಂತ ಗಟ್ಟಿ, ತೇವಕ್ಕೆ ಹೆಚ್ಚು ತಡೆಯುತ್ತದೆ, ತೂಕವೂ ಹೆಚ್ಚು. ಡ್ರೈವರ್ ಕೂರುವ ಮುಂಭಾಗಕ್ಕೆ ಅದು ಬಹಳ ಒಳ್ಳೆಯದು.

ಎರಡು ಪೆಟ್ಟಿಗೆಗೆ ಎಂಟಡಿ ನಾಲ್ಕಡಿಯ ಹಾಳೆಯಲ್ಲಿ ಮೂರನೆಯ ಒಂದು ಭಾಗ ಸಾಕಾಗುತ್ತದೆ. ಅಡುಗೆಮನೆಯ ಕಪಾಟು ಮಾಡುವವರ ಬಳಿ ಉಳಿದ ತುಂಡುಗಳು ಸಿಗುತ್ತವೆ, ಅವರ ದೊಡ್ಡ ಗರಗಸದಲ್ಲಿಯೇ ಕೊಯ್ಯಿಸಿಕೊಳ್ಳಿ. ನೇರ ಕೊಯ್ತಕ್ಕೆ ಮನೆಯಲ್ಲಿ ಯಂತ್ರ ಕೊಳ್ಳುವ ಅಗತ್ಯವಿಲ್ಲ. ದುಂಡಗಿನ ತೂತಿಗೆ ಮಾತ್ರ ಚಿಕ್ಕ ಟ್ರಿಮ್ ರೌಟರ್ ಮತ್ತು ವೃತ್ತ ಕೊರೆಯುವ ಪಟ್ಟಿ ಬೇಕು. ಡ್ರೈವರಿನ ಅಂಚು ಹಲಗೆಯ ಮಟ್ಟಕ್ಕೆ ಕೂರಬೇಕಾದರೆ ಜಿಗ್‌ಸಾ ಸಾಲದು. ಉಕ್ಕಿನ ಅಳತೆಪಟ್ಟಿ, ಮೂಲೆಮಟ್ಟ, ಮರಳುಕಾಗದ, 60 ವಾಟ್‌ನ ಬೆಸುಗೆ ಕೋಲು, ಮೂಗಿಗೆ ಒಳ್ಳೆಯ ಮಾಸ್ಕ್. ಮಾಸ್ಕಿನಲ್ಲಿ ಉಳಿತಾಯ ಮಾಡಬೇಡಿ, ಈ ಹಲಗೆಗಳ ದೂಳಿನಲ್ಲಿ ಅಂಟಿನ ರಾಳವೂ ಇರುತ್ತದೆ. ಕ್ಲಾಂಪ್ ದುಬಾರಿ ಎನಿಸಿದರೆ ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬ್ ತಂದು ಉದ್ದುದ್ದ ಸೀಳಿ ಪೆಟ್ಟಿಗೆಗೆ ಬಿಗಿದು ಸುತ್ತಿ. ಎಲ್ಲ ಕಡೆಗೂ ಸಮನಾದ ಬಿಗಿ ಬೀಳುತ್ತದೆ.

ಅಂಟಿಗೆ ನೀರು ತಡೆಯುವ ಫೆವಿಕಾಲ್ ಮರೀನ್. ಅಂಟಿಸುವುದು, ಪಾಲಿಷ್ ಮಾಡುವುದು ಎರಡೂ ಮೃಗಶಿರ ಮಳೆ ಹಿಡಿಯುವ ಮೊದಲು ಮುಗಿಯಬೇಕು. ತೇವದ ಹವೆಯಲ್ಲಿ ಅಂಟು ಬೇಗ ಒಣಗುವುದಿಲ್ಲ, ಲ್ಯಾಕರ್ ಬಳಿದರೆ ಬೆಳ್ಳಗೆ ಮಂಜು ಕಟ್ಟುತ್ತದೆ. ಒಳಮೈಗೂ ಒಂದು ಕೈ ಬಣ್ಣ ಬಳಿಯಿರಿ. ಹೊರಗೆ ಮಾತ್ರ ಬಳಿದರೆ ಬರಿಯ ಮೈ ತೇವ ಕುಡಿದು ಹಲಗೆ ಬಾಗುತ್ತದೆ.

ಒಳಗೆ ತುಂಬಲು ನಮ್ಮಲ್ಲಿ ಸುಲಭವಾಗಿ ಸಿಗುವುದು ಬೂರುಗದ ಹತ್ತಿ ಮತ್ತು ತೆಂಗಿನ ನಾರು. ಎರಡೂ ಬೇಡ. ಹತ್ತಿಗೆ ಹುಳು ಬೀಳುತ್ತದೆ, ನಾರಿನ ಪುಡಿ ಡ್ರೈವರಿನೊಳಗಿನ ಕಾಯಿಲಿನ (ತಂತಿಸುರುಳಿಯ) ಸಂದಿಗೆ ಇಳಿಯುತ್ತದೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು ಹಾಸಿಗೆ ಅಂಗಡಿಯಲ್ಲಿ ಸಿಗುತ್ತದೆ, ಅದು ಕೊಳೆಯುವುದಿಲ್ಲ.

ಕೆಳಗಿನ ಸ್ವರಗಳನ್ನು ವೂಫರಿಗೂ ಮೇಲಿನವನ್ನು ಟ್ವೀಟರಿಗೂ ಹಂಚುವ ಕ್ರಾಸ್‌ಓವರ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಆರೂವರೆ ಇಂಚಿನ ವೂಫರಿನ ಸದ್ದು ಸುಮಾರು 2,500 ಹರ್ಟ್ಸ್‌ನಿಂದ ಮೇಲೆ ಒಂದೇ ದಿಕ್ಕಿಗೆ ಕಿರಿದಾಗುತ್ತದೆ. ಕೋಣೆಯ ಬದಿಯಲ್ಲಿ ಕುಳಿತವರಿಗೆ ಮಾತು ಮಂಕಾಗುತ್ತದೆ. ಹಾಗಾಗಿ 2,000ದಿಂದ 2,500ರೊಳಗೆ ಟ್ವೀಟರಿಗೆ ಕೈ ದಾಟಿಸಬೇಕು. ಪಠ್ಯದ ಸೂತ್ರದಂತೆ 8 ಓಮ್‌ಗೆ, 2,500 ಹರ್ಟ್ಸ್‌ಗೆ 8 ಮೈಕ್ರೋಫ್ಯಾರಡ್ ಕೆಪಾಸಿಟರ್, ಅರ್ಧ ಮಿಲಿಹೆನ್ರಿ ಕಾಯಿಲ್. ಆದರೆ ಡ್ರೈವರ್ ಎಲ್ಲ ಸ್ವರಕ್ಕೂ 8 ಓಮ್ ಆಗಿರುವುದಿಲ್ಲ, ತನ್ನ ಸಹಜ ಕಂಪನದ ಬಳಿ ಅದು ಹಲವು ಪಟ್ಟು ಏರುತ್ತದೆ. ಆದ್ದರಿಂದ ಸೂತ್ರದ ಈ ಅಂಕಿಗಳು ಕೆಲಸ ಶುರು ಮಾಡುವುದಕ್ಕೆ ಮಾತ್ರ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕ್ರಾಸ್‌ಓವರ್ ಹಲಗೆಗಳನ್ನು ನಾನು ಕೊಳ್ಳದಿರುವುದು ಇದಕ್ಕೇ.

ಕೆಪಾಸಿಟರ್ ಪಾಲಿಪ್ರೊಪಿಲೀನ್ ಫಿಲ್ಮಿನದಾಗಿರಲಿ, ಎಲೆಕ್ಟ್ರೋಲೈಟಿಕ್ ಬಗೆಯದು ವರ್ಷ ಕಳೆದಂತೆ ಒಣಗಿ ಅದರ ಮೈಕ್ರೋಫ್ಯಾರಡ್ ಅಳತೆ ಬದಲಾಗುತ್ತದೆ. ಕಾಯಿಲಿಗೆ ದೂರ ಹೋಗಬೇಕಿಲ್ಲ. ತೋಟದ ಪಂಪಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ ನಮ್ಮ ಜಿಲ್ಲೆಯ ಪ್ರತಿ ಪೇಟೆಯಲ್ಲೂ ಇದೆ, ಅಲ್ಲಿ ಎನಾಮಲ್ ಲೇಪದ ತಾಮ್ರದ ತಂತಿಯನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. 18 ಗೇಜಿನದು ತನ್ನಿ. ಪಿವಿಸಿ ಪೈಪಿನ ತುಂಡಿಗೆ ಬಿಗಿಯಾಗಿ ಸುತ್ತಿ, ಮಿಲಿಹೆನ್ರಿ ಅಳೆಯುವ ಎಲ್‌ಸಿಆರ್ ಮೀಟರ್ ಹಿಡಿದು, ಅಳತೆ ಸರಿಯಾಗುವ ತನಕ ಒಂದೊಂದೇ ಸುತ್ತು ಬಿಚ್ಚಿ. ಅದೇ ಅಂಗಡಿಯ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿದರೆ ಉಪ್ಪುಗಾಳಿಗೂ ತಡೆಯುತ್ತದೆ. ಒಂದೇ ಕ್ರಾಸ್‌ಓವರಿನಲ್ಲಿ ಎರಡು ಕಾಯಿಲ್ ಬಂದರೆ ಅವನ್ನು ಒಂದಕ್ಕೊಂದು ಅಡ್ಡವಾಗಿ, ದೂರದಲ್ಲಿ ಕೂರಿಸಿ. ಒಂದೇ ದಿಕ್ಕಿಗಿದ್ದರೆ ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ಹತ್ತುತ್ತದೆ.

ದುಬಾರಿ ಸ್ಪೀಕರ್ ತಂತಿಗೆ ದುಡ್ಡು ಸುರಿಯಬೇಡಿ ಎಂದು ಬೇಡಿಕೊಳ್ಳುತ್ತೇನೆ. ಮನೆಯ ವೈರಿಂಗಿನ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಮೂರು ಮೀಟರ್ ದೂರ ಹೋಗಿ ಬಂದರೆ ತಡೆ 0.07 ಓಮ್ ಮಾತ್ರ. 8 ಓಮ್‌ನ ಎದುರು ಅದು ಲೆಕ್ಕಕ್ಕಿಲ್ಲ. ಕಡಲ ಬದಿಯಲ್ಲಿ ನೋಡಬೇಕಾದದ್ದು ತಂತಿಯ ತುದಿ. ತೆರೆದ ತಾಮ್ರ ಹಸಿರುಗಟ್ಟುತ್ತದೆ. ತುದಿಗೆ ಬೆಸುಗೆ ಲೇಪಿಸಿ, ಇಲ್ಲವೇ ತವರ ಲೇಪಿಸಿದ ತಂತಿಯನ್ನೇ ತನ್ನಿ. ಸ್ಕ್ರೂ ಎಲ್ಲವೂ ಸ್ಟೇನ್‌ಲೆಸ್ ಆಗಿರಲಿ.

ತಂತಿಯಲ್ಲಿ ಉಳಿಸಿದ ದುಡ್ಡನ್ನು ಅಳೆಯುವ ಸಾಧನಕ್ಕೆ ಹಾಕಿ. ನನ್ನ ಪಟ್ಟಿಯಲ್ಲಿ ಡ್ರೈವರ್ ಬಿಟ್ಟರೆ ಮುಖ್ಯವಾದ ಖರೀದಿ ಇದೇ. ಸದ್ದು ಅಳೆಯುವ ಮೈಕ್‌ಗಳಲ್ಲಿ ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸುವ ಯುಎಸ್‌ಬಿ ಮೈಕ್ ಬಳಸಲು ಸುಲಭ. ಆದರೆ ಕ್ರಾಸ್‌ಓವರ್ ವಿನ್ಯಾಸ ಮಾಡುವವರಿಗೆ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಮಾಪನ ಮೈಕ್ ಮತ್ತು ಅದನ್ನು ಕಂಪ್ಯೂಟರಿಗೆ ಜೋಡಿಸುವ ಎರಡು ಚಾನೆಲ್‌ನ ಆಡಿಯೋ ಇಂಟರ್‌ಫೇಸ್ ಉತ್ತಮ. ಒಂದು ಚಾನೆಲಿನ ಔಟ್‌ಪುಟ್ಟನ್ನು ಇಂಟರ್‌ಫೇಸಿನ ಇನ್‌ಪುಟ್ಟಿಗೇ ಹಿಂದಕ್ಕೆ ಜೋಡಿಸಿದರೆ ವೂಫರ್, ಟ್ವೀಟರ್‌ಗಳ ಸದ್ದು ತಲುಪುವ ಸಮಯದ ಅಂತರ ನಿಖರವಾಗಿ ಸಿಗುತ್ತದೆ. ಅದೇ ಇಂಟರ್‌ಫೇಸಿಗೆ ಒಂದು ರೆಸಿಸ್ಟರ್ ಸೇರಿಸಿದರೆ ಡ್ರೈವರಿನ ಎಫ್‌ಎಸ್, ಕ್ಯೂಟಿಎಸ್ ನೀವೇ ಅಳೆಯಬಹುದು. ಈ ಅಳತೆಗೆ ಬೇಕಾದ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮಳೆಗಾಲದಲ್ಲಿ ಮೈಕನ್ನು ಸಿಲಿಕಾ ಜೆಲ್ ಜೊತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ.

ಅಳೆಯಲು ನಮ್ಮ ಅಂಗಳದಂಥ ಜಾಗ ನಗರದವರಿಗೆ ಸಿಗುವುದಿಲ್ಲ. ಸ್ಪೀಕರ್ ಮತ್ತು ಮೈಕ್ ಎರಡನ್ನೂ ಎರಡು ಮೀಟರ್ ಎತ್ತರಕ್ಕೇರಿಸಿ, ನಡುವೆ ಒಂದು ಮೀಟರ್ ಬಿಟ್ಟರೆ ನೆಲದ ಪ್ರತಿಧ್ವನಿ ಸುಮಾರು 9 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟರೊಳಗಿನ ಸದ್ದನ್ನು ಮಾತ್ರ ತೆಗೆದುಕೊಂಡರೆ 110 ಹರ್ಟ್ಸ್‌ನಿಂದ ಮೇಲಿನ ಚಿತ್ರ ಶುದ್ಧವಾಗಿ ಸಿಗುತ್ತದೆ. ಒಂದು ಮೀಟರ್ ಎತ್ತರದ ಸ್ಟೂಲಾದರೆ 280ರಿಂದ ಕೆಳಗೆ ನಂಬುವಂತಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು, ಕಡಲ ಗಾಳಿ ಏಳುವ ಮೊದಲು ಮಾಡಿ.

ಅಳತೆ ನೇರವಾದ ಮೇಲೂ ಟ್ವೀಟರಿನ ಮಟ್ಟವನ್ನು ಕಿವಿಯಿಂದಲೇ ನಿಲ್ಲಿಸಬೇಕು. ಅದಕ್ಕಾಗಿ ಟ್ವೀಟರಿನ ತಂತಿಯ ನಡುವೆ ಸೇರಿಸುವ 10 ವಾಟ್‌ನ ಕೆಲವು ರೆಸಿಸ್ಟರ್‌ಗಳನ್ನು, 1 ಓಮ್‌ನಿಂದ 4 ಓಮ್‌ವರೆಗೆ, ಮೊದಲೇ ತಂದಿಟ್ಟುಕೊಳ್ಳಿ. ಸಕಾರ ಚುಚ್ಚಿದರೆ ಒಂದು ಓಮ್ ಏರಿಸಿ. ಚಂಡೆಯ ಪೆಟ್ಟು ಕಂಬಳಿ ಹೊದ್ದಂತಾದರೆ ಇಳಿಸಿ. ಒಬ್ಬ ಭಾಗವತರ ಒಂದೇ ಪದ್ಯವನ್ನಲ್ಲ, ಬೇರೆ ಬೇರೆ ಕಂಠ, ಹಳೆಯ ಕ್ಯಾಸೆಟ್, ಹೊಸ ಮುದ್ರಣ ಎಲ್ಲ ಹಾಕಿ ಕೇಳಿ. ಕ್ರಾಸ್‌ಓವರ್ ಅಷ್ಟು ಕಾಲ ಪೆಟ್ಟಿಗೆಯ ಹೊರಗೇ ಒಂದು ಹಲಗೆಯ ಮೇಲಿರಲಿ, ಒಂದು ಮಳೆಗಾಲ ಪೂರ್ತಿ ಕೇಳಿದ ನಂತರ ಒಳಗೆ ಕೂರಿಸಿ ಸ್ಕ್ರೂ ಬಿಗಿಯಿರಿ.