ಹಿಡಿಕಾಳು ನಿಧಿ: ಬೀದರ್ ಸಭೆಯ ಕೆಲಸ, ಮಾರ್ಚ್ ಕೊನೆಗೆ ಎಲ್ಲಿಗೆ ಬಂತು

ಹಿಡಿಕಾಳು ನಿಧಿ ಎಂದರೆ ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ಮನೆಗಳವರು ಡಬ್ಬಿಯಲ್ಲಿ ಎತ್ತಿಟ್ಟ ಕಾಳು ಮಾರಿ, ಊರಿನ ಸೇವೆಗೂ ಹೊರದೇಶದ ಸೇವೆಗೂ ಕೂಡಿಸುವ ಹಣ. ಬಿಳಿಜೋಳದ ರಾಶಿ ಮುಗಿಯುತ್ತ ಬಂದಿದೆ. ಡಬ್ಬಿಗಳು ತುಂಬಿ ಬರುವ ಕಾಲ ಇದೇ.

ಈ ಪದ್ಧತಿಯ ಮೂಲ ಮಿಜೋರಾಂ. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ 1910ರಿಂದ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ದೇವರ ಸೇವೆಗೆಂದು ಎತ್ತಿಡುತ್ತಾರೆ. ಅದಕ್ಕೆ ‘ಬುಹ್‌ಫಾಯ್ ಥಾಮ್’ ಎಂದು ಹೆಸರು. ನಮ್ಮಲ್ಲಿ ಅದು ಹಾಗೆಯೇ ಹೊಂದುವುದಿಲ್ಲ. ಜೋಳದ ಕಾಳು ದಿನಾ ಒಲೆ ಮುಂದೆ ಬರುವುದಿಲ್ಲ, ವಾರಕ್ಕೊಮ್ಮೆ ಗಿರಣಿಗೆ ಹೋಗುತ್ತದೆ. ಹಾಗಾಗಿ ಲೆಕ್ಕವನ್ನು ಗಿರಣಿಗೆ ಕಟ್ಟಿದ್ದೇವೆ: ಬೀಸಲು ಒಯ್ಯುವ ಮುಂಚೆ ಪಾವು ಕಿಲೊ ಡಬ್ಬಿಗೆ. ತಿಂಗಳಿಗೆ ಮನೆಗೊಂದು ಕಿಲೊ, ಅರವತ್ತು ಮನೆಗೆ ಅರವತ್ತು ಕಿಲೊ.

ಡಬ್ಬಿ ಎರಡು ಕಿಲೊ ಹಿಡಿಯುವ, ತಿರುಗಿಸುವ ಮುಚ್ಚಳದ ಪ್ಲಾಸ್ಟಿಕ್ಕಿನದು. ಮೇಲೆ ನಂಬರ್ ಮಾತ್ರ. ಯಾರ ಡಬ್ಬಿ ಎಷ್ಟು ತೂಗಿತು ಎಂಬುದು ಬಡವರ ಮನೆಗೆ ಮುಜುಗರವಾಗಬಾರದು. ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಬೆರಕೆ. ಮಾಲ್ದಂಡಿ ಎಂಬ ಬಿಳಿಜೋಳಕ್ಕೆ ನಾಲ್ಕು ಹಿಡಿ ಹೈಬ್ರಿಡ್ ಬಿದ್ದರೆ ಇಡೀ ಚೀಲಕ್ಕೆ ಹೈಬ್ರಿಡ್ಡಿನ ದರವೇ. ಜೋಳ, ಬೇಳೆ, ಅಕ್ಕಿ ಮೂರೂ ಕೂಡಿದರೆ ಕೋಳಿಯ ಕಾಳಷ್ಟೇ. ರೇಷನ್ ಅಕ್ಕಿ ಮಾರುವಂತಿಲ್ಲ, ಅದು ಅಪರಾಧ. ರೇಷನ್ ಅಕ್ಕಿಯನ್ನೇ ಉಣ್ಣುವ ಮನೆಯವರು ಕಾಳಿನ ಬದಲು ಚಿಲ್ಲರೆ ಹಾಕುತ್ತಾರೆ. ಈಗ ನೀಲಿ ಮುಚ್ಚಳ ಜೋಳಕ್ಕೆ, ಕೆಂಪು ತೊಗರಿ ಬೇಳೆಗೆ. ತೊಗರಿಯನ್ನು ಇಡಿಕಾಳಾಗಿ ತೆಗೆದುಕೊಳ್ಳುವುದಿಲ್ಲ: ಕಾಳಿನ ಹುಳ ಮೊಟ್ಟೆ ಇಡುವುದು ಇಡಿಕಾಳಿನ ನುಣುಪು ಸಿಪ್ಪೆಯ ಮೇಲೆ, ಒಡೆದ ಬೇಳೆಗೆ ಅದರ ಕಾಟ ಕಡಿಮೆ.

ಕೂಡಿಡುವ ಕೋಣೆಯಲ್ಲಿ ಹಲಗೆ ಹಾಕಿ, ಗೋಡೆಯಿಂದ ಒಂದಡಿ ಬಿಟ್ಟು ಚೀಲ ಇಟ್ಟಿದೆ. ಕಾಳು ಕಡಿದರೆ ಕಟ್ ಎನ್ನಬೇಕು; ಮೆತ್ತಗೆ ಒತ್ತಿದರೆ ತೇವ ಶೇಕಡಾ ಹನ್ನೆರಡಕ್ಕಿಂತ ಮೇಲಿದೆ ಎಂದೇ ತಿಳಿದು ಮತ್ತೆ ತಾಡಪತ್ರಿ ಮೇಲೆ ಹರವಬೇಕು. ಹಳೆಯ ಚೀಲ ಕುದಿನೀರಲ್ಲಿ ಅದ್ದಿ ಒಣಗಿಸದೆ ಹೊಸ ಕಾಳು ತುಂಬಿದರೆ ಹೋದ ವರ್ಷದ ನುಸಿ ಈ ವರ್ಷಕ್ಕೆ ದಾಟುತ್ತದೆ. ಬೇವಿನ ಎಲೆ ಹಾಕುವವರು ಹಾಕಲಿ, ಆದರೆ ಬಿಸಿಲಿಗೆ ಅದು ಬದಲಿಯಲ್ಲ.

ಮಾರಾಟಕ್ಕೆ ಗಂಜಿಗೆ, ಅಂದರೆ ಕಾಳಿನ ಸಗಟು ಪೇಟೆಗೆ, ಒಯ್ಯದಿರುವುದೇ ಲೇಸು. ಒಂದು ಕ್ವಿಂಟಲ್ಲಿಗೂ ಕಡಿಮೆ ಮಾಲಿಗೆ ಸಾಗಣೆ, ಹಮಾಲಿ, ತೂಕದ ಕಡಿತ ಎಲ್ಲ ಹೋಗಿ ಉಳಿಯುವುದು ಅಷ್ಟಕ್ಕಷ್ಟೆ. ತಿಂಗಳ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಅಂಗಳದಲ್ಲೇ, ಆ ದಿನದ ಗಂಜಿನ ದರಕ್ಕೆ, ಐದೈದು ಕಿಲೊ ಚೀಲ ಮಾಡಿ ಮಾರುವುದು. ಸುಗ್ಗಿ ಹಬ್ಬದ ಸವಾಲು (ಹರಾಜು) ಬೇರೆ ಮಾತು: ಅಲ್ಲಿ ಒಂದು ನಿಂಬೆಹಣ್ಣಿಗೂ ನೂರು ಕೂಗುತ್ತಾರೆ. ಕೂಗಿದ್ದೆಲ್ಲ ಕೈಗೆ ಬರುವುದಿಲ್ಲ ಎಂಬುದೇ ತೊಡಕು. ಈ ಸಲದಿಂದ ಕೂಗು ನಿಂತ ಕೂಡಲೇ ಚೀಟಿ, ದುಡ್ಡು ಕಟ್ಟಿದ ಮೇಲೆ ವಸ್ತು. ಹುರುಪು ಸ್ವಲ್ಪ ತಗ್ಗಿದೆ, ಬಾಕಿ ಪುಸ್ತಕವೂ ತೆಳ್ಳಗಾಗಿದೆ.

ನಿಜವಾದ ಕಷ್ಟ ಮುಂದಿನದು. ಫಸಲು ವರ್ಷಕ್ಕೊಮ್ಮೆ, ಸುವಾರ್ತಿಕರ (ಹಳ್ಳಿಗಳಲ್ಲಿ ಸುವಾರ್ತೆ ಸಾರುವವರ) ಮನೆ ಖರ್ಚು ತಿಂಗಳಿಗೊಮ್ಮೆ. ಮಿರ್ಗದ (ಮೃಗಶಿರಾ) ಮಳೆ ಶುರುವಾದರೆ ಬೀಜ, ಗೊಬ್ಬರ, ಸಾಲಿ ಫೀಸು ಒಟ್ಟಿಗೆ ಬರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿ ಅರ್ಧಕ್ಕಿಳಿಯುತ್ತದೆ. ಮಾರ್ಚಿನ ಜಮಾ ನೋಡಿ ಮಾತು ಕೊಟ್ಟರೆ ಆಗಸ್ಟಿನಲ್ಲಿ ಮಾತು ತಪ್ಪುವುದು ಖಂಡಿತ. ಆದ್ದರಿಂದ ಮಾತು ಕೊಡುವುದು ಮೂವತ್ತು ಕಿಲೊ ಮೇಲೆ: ಕಿಲೊಗೆ 40 ರೂಪಾಯಿ ಹಿಡಿದರೆ 1,200. ಅದಕ್ಕೆ ಸವಾಲಿನ ಹಣದ ಹನ್ನೆರಡನೆಯ ಒಂದು ಭಾಗ ಸೇರಿಸಿ ತಿಂಗಳ ನೆರವು. ಹೆಚ್ಚಿಗೆ ಬಂದದ್ದು ಮೂರು ತಿಂಗಳ ನೆರವಿನಷ್ಟು ಆಗುವವರೆಗೆ ಬ್ಯಾಂಕಿನಲ್ಲೇ. ಚರ್ಚಿನ ಸುಣ್ಣಬಣ್ಣಕ್ಕೆ ಅದರಿಂದ ಕೈಗಡ ತೆಗೆಯುವಂತಿಲ್ಲ. ಕಮಿಟಿಯಲ್ಲಿ ಈ ಮಾತು ಪ್ರತಿ ವರ್ಷ ಏಳುತ್ತದೆ.

ಸ್ಥಳೀಯ ಕೆಲಸಕ್ಕೆ ಹೋಗುವುದು ಹಳ್ಳಿ ಸಭೆಗಳ ಸುವಾರ್ತಿಕರ ಪೆಟ್ರೋಲು, ಮಕ್ಕಳ ಸಂಜೆ ಪಾಠ, ಬಡ ರೋಗಿಗಳ ಬಸ್ ಚಾರ್ಜು. ಪ್ರತಿಯೊಂದಕ್ಕೂ ಓಚರ್, ಇಬ್ಬರ ಸಹಿ.

ಹೊರದೇಶದ ಪಾಲಿಗೆ ಹೆಚ್ಚು ಎಚ್ಚರ ಬೇಕು. ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸುವ ರಿಸರ್ವ್ ಬ್ಯಾಂಕಿನ ಸೌಲಭ್ಯ ವ್ಯಕ್ತಿಗಳಿಗೆ, ಟ್ರಸ್ಟಿಗಲ್ಲ. ಟ್ರಸ್ಟಿನ ಹಣ ಹೊರದೇಶದಲ್ಲಿ ಖರ್ಚಾದರೆ ನೇರ ತೆರಿಗೆ ಮಂಡಳಿಯ ಅನುಮತಿ ಇಲ್ಲದೆ ತೆರಿಗೆ ವಿನಾಯಿತಿಯೂ ಸಿಗದು. ಸಭೆಯ ದುಡ್ಡನ್ನು ಯಾರದೋ ಸ್ವಂತ ಖಾತೆಗೆ ಹಾಕಿ ಅಲ್ಲಿಂದ ದಾಟಿಸುವ ಸಲಹೆ ಬರುತ್ತದೆ, ಬೇಡವೇ ಬೇಡ. ನೇಪಾಳದಲ್ಲಿ ಆಸ್ಪತ್ರೆ ಸೇವೆಗೆ ಹೋದವರ ಊರಿನ ಖರ್ಚನ್ನು, ಅಂದರೆ ಮಕ್ಕಳ ಹಾಸ್ಟೆಲ್ ಫೀಸು, ತಂದೆತಾಯಿಯ ಔಷಧಿ, ಆರೋಗ್ಯ ವಿಮೆಯ ಕಂತನ್ನು, ಅವರನ್ನು ಕಳಿಸಿದ ಭಾರತದ ಸಂಸ್ಥೆಯ ಮೂಲಕ ರೂಪಾಯಿಯಲ್ಲೇ ಕಟ್ಟುವುದು ನಾವು ಹಿಡಿದ ದಾರಿ. ನೇಪಾಳದ 2015ರ ಸಂವಿಧಾನದ 26ನೇ ವಿಧಿ ಮತಾಂತರ ಮಾಡಿಸುವುದನ್ನು ನಿಷೇಧಿಸುತ್ತದೆ. ಅಲ್ಲಿರುವವರ ಹೆಸರು, ಊರು, ಫೋಟೊ ನಮ್ಮ ವರದಿಯಲ್ಲಿ ಬರುವುದಿಲ್ಲ.

ದುಬೈ, ಕುವೈತ್‌ನಲ್ಲಿ ದುಡಿಯುವ ನಮ್ಮ ಹುಡುಗರ ಕಾಣಿಕೆಯೂ ಇದೆ. ಭಾರತದ ಪಾಸ್‌ಪೋರ್ಟ್ ಇದ್ದವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ವಂತಿಗೆ ಅನ್ನಿಸಿಕೊಳ್ಳುವುದಿಲ್ಲ. ಅವರ ಜೊತೆಗೆ ಕೆಲಸ ಮಾಡುವ ಬೇರೆ ದೇಶದವರು ನೂರು ದಿರ್ಹಮ್ ಸೇರಿಸಿದರೂ ಅದು ವಿದೇಶಿ ವಂತಿಗೆಯೇ. ವಿದೇಶಿ ವಂತಿಗೆ ಕಾಯ್ದೆಯ ನೋಂದಣಿ ಮತ್ತು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆ ಇಲ್ಲದೆ ಮುಟ್ಟುವಂತಿಲ್ಲ. ಒಟ್ಟುಗೂಡಿಸಿದ ಹಣ ಬೇಡ, ಒಬ್ಬೊಬ್ಬರೂ ಬೇರೆಬೇರೆ ಕಳಿಸಲಿ ಎಂದು ತಿಳಿಸಿದ್ದೇವೆ. ಪಾಸ್‌ಪೋರ್ಟ್ ಪ್ರತಿಯ ಫೈಲು ಅರ್ಧ ಆಗಿದೆ.

ಏಪ್ರಿಲ್‌ಗೆ ಉಳಿದದ್ದು: ತಕ್ಕಡಿಯ ಮುದ್ರೆ ನವೀಕರಣ, ಒಡೆದ ಮುಚ್ಚಳಗಳ ಬದಲಾವಣೆ, ಬಿಸಿಲು ಇರುವಾಗಲೇ ಚೀಲಗಳ ಇನ್ನೊಂದು ಸುತ್ತು ಒಣಗಿಸುವಿಕೆ.