ಮಾಲೀಕರು ಬದಲಾದರೆ ನಾವ್ಯಾಕೆ ರಾಜೀನಾಮೆ ಬರೀಬೇಕು?

2018ರಲ್ಲಿ ದಾವಣಗೆರೆ ಹತ್ತಿರದ ಒಂದು ಸಣ್ಣ ನೂಲಿನ ಮಿಲ್ಲಿನ ಟೈಮ್ ಆಫೀಸಿನಲ್ಲಿ, ಅಂದರೆ ಹಾಜರಾತಿ ನೋಡುವ ಕಚೇರಿಯಲ್ಲಿ, ನಾನಿದ್ದೆ. ಮಿಲ್ಲು ಮಾರಾಟವಾಯಿತು. ಎಲ್ಲರಿಂದ ರಾಜೀನಾಮೆ ಬರೆಸಿಕೊಳ್ಳಿ, ಹೊಸ ಮಾಲೀಕರು ಮರುದಿನವೇ ಹೊಸ ನೇಮಕಾತಿ ಪತ್ರ ಕೊಡ್ತಾರೆ ಅಂತ ಮೇಲಿನಿಂದ ಮಾತು ಬಂತು. ನಾನು ಯೋಚಿಸದೆ ಫಾರಂ ಪ್ರಿಂಟ್ ತೆಗೆದೆ. ಮಧ್ಯಾಹ್ನದೊಳಗೆ ಹನ್ನೊಂದು ಜನ ಸಹಿ ಹಾಕಿದ್ದರು.

ಹನ್ನೆರಡನೆಯವರು ನೂಲು ಸುತ್ತುವ ವೈಂಡಿಂಗ್ ವಿಭಾಗದ ಒಬ್ಬ ಅಕ್ಕ. ಹದಿನಾಲ್ಕು ವರ್ಷದ ಸರ್ವಿಸ್. ಪೆನ್ನು ಹಿಡಿದವರು ನಿಲ್ಲಿಸಿ ಕೇಳಿದರು: "ಸರ್, ನಾನೆಲ್ಲಿ ಕೆಲಸ ಬಿಡ್ತಿದೀನ್ರೀ? ಮತ್ಯಾಕೆ ರಾಜೀನಾಮೆ ಬರೀಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಫಾರಂ ವಾಪಸ್ ತೆಗೆದುಕೊಂಡು, ಸಂಜೆ ಪರಿಚಯದ ಒಬ್ಬ ಕಾರ್ಮಿಕ ವಕೀಲರ ಹತ್ತಿರ ಹೋದೆ.

ಅವರು ಕೈಗಾರಿಕಾ ವಿವಾದಗಳ ಕಾಯ್ದೆ 1947ರ 25ಎಫ್‌ಎಫ್ ಸೆಕ್ಷನ್ ತೆಗೆದು ತೋರಿಸಿದರು. ಸಂಸ್ಥೆ ಬೇರೆಯವರ ಕೈಗೆ ಹೋದರೆ, ಒಂದು ವರ್ಷ ಪೂರೈಸಿದ ಕಾರ್ಮಿಕರಿಗೆ ಹಳೆಯ ಮಾಲೀಕರು ನೋಟಿಸ್ ಮತ್ತು ಪರಿಹಾರ ಕೊಡಬೇಕು. ಕೊಡಬೇಕಾಗಿಲ್ಲ ಅನ್ನಬೇಕಾದರೆ ಮೂರು ಷರತ್ತು ಒಟ್ಟಿಗೇ ಈಡೇರಬೇಕು: ಸೇವೆ ಮುರಿಯಬಾರದು, ಸಂಬಳ ಮತ್ತು ಸೌಲಭ್ಯ ಮೊದಲಿಗಿಂತ ಕಡಿಮೆ ಆಗಬಾರದು, ಮುಂದೆ ಕೆಲಸದಿಂದ ತೆಗೆದರೆ ಹಳೆಯ ವರ್ಷಗಳನ್ನೂ ಸೇರಿಸಿ ಹೊಸ ಮಾಲೀಕರೇ ಪರಿಹಾರ ಕೊಡಬೇಕು. ಬ್ರಿಟನ್ನಿನಲ್ಲಿ ಉದ್ಯಮ ಕೈಬದಲಾದಾಗ ನೌಕರರನ್ನು ಕಾಯುವ 2006ರ ಟೂಪಿ (TUPE) ನಿಯಮದ ಪ್ರಕಾರ ನೌಕರರು ಷರತ್ತುಗಳ ಸಮೇತ ತಾವಾಗಿಯೇ ಹೊಸ ಮಾಲೀಕರ ಕಡೆ ಹೋಗುತ್ತಾರಂತೆ. ನಮ್ಮಲ್ಲಿ ಹಾಗಿಲ್ಲ. ಕೊಂಡವರು ನಿಮ್ಮನ್ನು ಇಟ್ಟುಕೊಳ್ಳಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಅದಕ್ಕೇ ಈ ಷರತ್ತುಗಳೆಲ್ಲ ಬರವಣಿಗೆಯಲ್ಲಿ ಇರಬೇಕು. ಈಗ ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ, ಆದರೆ ಈ ರಕ್ಷಣೆ ಅದರಲ್ಲೂ ಉಳಿದಿದೆ.

ರಾಜೀನಾಮೆ ಕೊಟ್ಟರೆ ಇದೆಲ್ಲ ಕೈಬಿಟ್ಟು ಹೋಗುತ್ತೆ. ನಾವೇ ಬಿಟ್ಟೆವು ಅಂತ ಆಗುತ್ತೆ, ಅಲ್ವಾ?

ಮರುದಿನ ಸಹಿ ಹಾಕಿದ್ದವರನ್ನೆಲ್ಲ ಹುಡುಕಿಕೊಂಡು ಹೋದೆ. ಒಂಬತ್ತು ಫಾರಂ ಅವರ ಕಣ್ಣೆದುರೇ ಹರಿದೆ. ಆಮೇಲೆ ಮ್ಯಾನೇಜರ್ ಜೊತೆ ಜಗಳವೇ ಆಯಿತು. ಕೊನೆಗೆ ಹಳಬರು, ಹೊಸಬರು, ಕಾರ್ಮಿಕರು ಮೂವರೂ ಕೂತು ಒಪ್ಪಂದ ಮಾಡಿದೆವು. ಅದಕ್ಕೆ ಒಂದು ಪಟ್ಟಿ ಲಗತ್ತಿಸಿದೆ. ಪ್ರತಿಯೊಬ್ಬರ ಸೇರಿದ ದಿನಾಂಕ, ಮೂಲ ವೇತನ, ತುಟ್ಟಿಭತ್ಯೆ, ಉಳಿದ ರಜೆ, ಪಿಎಫ್‌ನ ಯುಎಎನ್ ಸಂಖ್ಯೆ ಎಲ್ಲ ಅದರಲ್ಲಿತ್ತು. ನನ್ನ ಮಟ್ಟಿಗೆ ಒಪ್ಪಂದಕ್ಕಿಂತ ಆ ಪಟ್ಟಿಯೇ ಮುಖ್ಯ. ನಾಲ್ಕು ವರ್ಷ ಮುಗಿಸಿದ್ದ ಹುಡುಗರಿಗೆ ಅದು ಇನ್ನೂ ಮುಖ್ಯ. ರಾಜೀನಾಮೆ ಕೊಟ್ಟಿದ್ದರೆ ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸರ್ವಿಸ್ ಲೆಕ್ಕದಲ್ಲಿ ಸಿಗುವ ಹಣಕ್ಕೆ, ಬೇಕಾದ ಐದು ವರ್ಷವನ್ನು ಮತ್ತೆ ಮೊದಲಿನಿಂದ ಎಣಿಸಬೇಕಿತ್ತು.

ಆ ಅಕ್ಕ ಕಳೆದ ವರ್ಷ ನಿವೃತ್ತರಾದರು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ರೂಪಾಯಿ. ಗ್ರಾಚ್ಯುಟಿ ಲೆಕ್ಕಕ್ಕೆ ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 7,500. ಇಪ್ಪತ್ತೊಂದು ವರ್ಷಕ್ಕೆ 1,57,500. ಅವತ್ತು ಸಹಿ ಹಾಕಿದ್ದರೆ ಹದಿನಾಲ್ಕು ವರ್ಷದ ಲೆಕ್ಕ ಆಗಿನ 9,100ರ ಮೇಲೆಯೇ ಮುಗಿದು, ಒಟ್ಟು 31,500 ಕಡಿಮೆ ಬರುತ್ತಿತ್ತು.

ಉಳಿದ ಇಬ್ಬರ ಫಾರಂ ನಾನು ಹೋಗುವಷ್ಟರಲ್ಲಿ ಮೇಲೆ ಹೋಗಿತ್ತು. ಅವರು ಲೆಕ್ಕ ಚುಕ್ತಾ ಮಾಡಿಸಿಕೊಂಡು, ಮುಂದೆ ಪಿಎಫ್ ಜೊತೆ ಪಿಂಚಣಿ ಹಣವನ್ನೂ ತೆಗೆದುಬಿಟ್ಟರು. ಒಬ್ಬರಿಗೆ ಎಂಟು ವರ್ಷ ಆಗಿತ್ತು. ಇನ್ನೆರಡು ವರ್ಷ ಸೇರಿದ್ದರೆ ಪಿಂಚಣಿಗೆ ಬೇಕಾದ ಹತ್ತು ವರ್ಷ ತುಂಬುತ್ತಿತ್ತು. ಮಂಡಿಪೇಟೆಯಲ್ಲಿ ಆಗಾಗ ಸಿಗುತ್ತಾರೆ. ನಾನೇ ಕೊಟ್ಟ ಫಾರಂ ಅದು.