ರೈಟರ್ ಕೇಳಿದ್ದು ನೋಟಿನ ಲೆಕ್ಕ

ಕಾಫಿ ತೋಟಗಳಿಗೆ ಒಂದು ಆಪ್ ಮಾಡೋಣ ಅಂತ ಚಿಕ್ಕಮಗಳೂರಿನಲ್ಲಿ ಕೂತು ನಾವಿಬ್ಬರು ಹೊರಟಿದ್ದೆವು. ಆಳುಗಳ ಹಾಜರಿ, ಹಣ್ಣಿನ ತೂಕ, ಮಳೆ ಲೆಕ್ಕ, ಗೊಬ್ಬರದ ಸ್ಟಾಕ್, ಎಲ್ಲ ಒಂದರಲ್ಲೇ. ಎಂಟು ತಿಂಗಳು ಕೋಡ್ ಬರೆದೆವು. ತೋರಿಸಿದ ಪ್ಲಾಂಟರುಗಳೆಲ್ಲ "ಭಾರಿ ಚೆನ್ನಾಗಿದೆ ಮಾರಾಯಾ" ಅಂದರು, ಕಾಫಿ ಕುಡಿಸಿ ಕಳಿಸಿದರು. ನವೆಂಬರಿನಲ್ಲಿ ಅರೇಬಿಕಾ ಕುಯ್ಲು ಶುರುವಾಯಿತು. ಒಬ್ಬರೂ ಆಪ್ ತೆರೆಯಲಿಲ್ಲ.

ಮೂಡಿಗೆರೆ ಕಡೆಯ ಒಂದು ತೋಟದಲ್ಲಿ ಸಂಜೆ ಹೊತ್ತು ಹೋಗಿ ನಿಂತಾಗಲೇ ಯಾಕೆ ಅಂತ ಗೊತ್ತಾಗಿದ್ದು. ಆಳುಗಳು ಸಾಲಾಗಿ ಚೀಲ ಇಳಿಸುತ್ತಿದ್ದಾರೆ, ಕತ್ತಲಾಗುತ್ತಿದೆ, ಮೇಸ್ತ್ರಿ ಕೆಜಿ ಕೂಗುತ್ತಾರೆ, ರೈಟರ್, ಅಂದರೆ ತೋಟದ ಲೆಕ್ಕ ಬರೆಯೋ ಗುಮಾಸ್ತರು, ತಲೆ ಎತ್ತದೆ ಪುಸ್ತಕದಲ್ಲಿ ಗೀಚುತ್ತಾ ಹೋಗುತ್ತಾರೆ. ಸಿಗ್ನಲ್ ಇಲ್ಲ. ಆ ಗಡಿಬಿಡಿಯಲ್ಲಿ ಮೊಬೈಲ್ ತೆಗೆದು ಹೆಸರು ಹುಡುಕಿ ಒತ್ತೋದು ಯಾರ ಕೈಲಾಗುತ್ತೆ? ನಾವು ಅಲ್ಲಿವರೆಗೆ ಕೇಳಿದ್ದೆಲ್ಲ ಸಾಹುಕಾರರನ್ನು. ಬಳಸಬೇಕಾಗಿದ್ದವರು ರೈಟರ್.

1999ರಲ್ಲಿ ಅಮೆರಿಕದ ನಿಕ್ ಸ್ವಿನ್‌ಮರ್ನ್ ಅಂಗಡಿಗಳಲ್ಲಿದ್ದ ಶೂಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿ, ಆರ್ಡರ್ ಬಂದಮೇಲೆ ಅಂಗಡಿಗೇ ಹೋಗಿ ಕೊಂಡು ಕಳಿಸುತ್ತಿದ್ದರು, ಮುಂದೆ ಅದೇ ಜ್ಯಾಪೋಸ್ ಅನ್ನೋ ಆನ್‌ಲೈನ್ ಶೂ ಕಂಪನಿ ಆಯಿತು. ಸ್ಟಾಕ್ ಇಲ್ಲ, ಗೋಡೌನ್ ಇಲ್ಲ, ಆನ್‌ಲೈನಿನಲ್ಲಿ ಜನ ಶೂ ಕೊಳ್ಳುತ್ತಾರಾ ಅನ್ನೋದಷ್ಟೇ ಪರೀಕ್ಷೆ. ಎಂವಿಪಿ (ಪೂರ್ತಿ ಕಟ್ಟೋ ಮೊದಲು ಜನಕ್ಕೆ ಬೇಕಾ ಅಂತ ನೋಡೋಕೆ ಮಾಡೋ ಕನಿಷ್ಠ ರೂಪ) ಅಂದರೆ ಇದು ಅಂತ ನಾನೇ ಎಷ್ಟೋ ಜನಕ್ಕೆ ಕಥೆ ಹೊಡೆದಿದ್ದೆ. ಹೇಳೋದು ಸುಲಭ ಅಲ್ವಾ.

ಆಪ್ ಪಕ್ಕಕ್ಕಿಟ್ಟೆವು. ಮೂರು ತೋಟದ ರೈಟರುಗಳಿಗೆ ಒಂದೇ ಮಾತು ಹೇಳಿದೆವು: ನಿಮ್ಮ ಪುಸ್ತಕ ನೀವೇ ಬರೀರಿ, ಸಿಗ್ನಲ್ ಸಿಕ್ಕಾಗ ಆ ಪುಟದ ಫೋಟೋ ವಾಟ್ಸಾಪ್ ಮಾಡಿ. ರಾತ್ರಿ ನಾನು ಕೂತು ಎಕ್ಸೆಲ್ಲಿಗೆ ತುಂಬಿಸುತ್ತಿದ್ದೆ (ಒಬ್ಬರ 1 ಮತ್ತು 7 ಇವತ್ತಿಗೂ ನನಗೆ ಬಿಡಿಸೋಕೆ ಬರಲ್ಲ), ಬಟವಾಡೆ ಹಿಂದಿನ ದಿನ ಯಾರಿಗೆ ಎಷ್ಟು, ಅಡ್ವಾನ್ಸ್ ಕಳೆದು ಕೈಗೆ ಎಷ್ಟು ಅಂತ ಪಟ್ಟಿ ವಾಪಸ್ ಕಳಿಸುತ್ತಿದ್ದೆ.

ಎರಡನೇ ವಾರ ಒಬ್ಬರು ಫೋನ್ ಮಾಡಿದರು. "ಸಾರ್, ಐನೂರರದ್ದು ಎಷ್ಟು, ನೂರರದ್ದು ಎಷ್ಟು, ಚಿಲ್ಲರೆ ಎಷ್ಟು ತರಬೇಕು ಅಂತಾನೂ ಹಾಕಿಕೊಡ್ತೀರಾ? ಬ್ಯಾಂಕಿಗೆ ಹೋದಾಗ ಅದೇ ತಲೆನೋವು."

ಎಂಟು ತಿಂಗಳಲ್ಲಿ ನಮಗೆ ಹೊಳೆಯದೇ ಇದ್ದದ್ದು! ಎಕ್ಸೆಲ್ಲಿನಲ್ಲಿ ಅರ್ಧ ಗಂಟೆ ಕೆಲಸ. ಮಾರನೇ ವಾರದಿಂದ ಫೋಟೋ ಕಳಿಸಿ ಅಂತ ನಾವು ನೆನಪಿಸಬೇಕಾಗಲೇ ಇಲ್ಲ.

ರೋಬಸ್ಟಾ ಕುಯ್ಲು ಮುಗಿಯೋವರೆಗೂ ಒಂದು ಸಾಲು ಕೋಡ್ ಬರೆಯಲಿಲ್ಲ. ಆಮೇಲೆ ತಿಂಗಳಿಗೆ 500 ರೂಪಾಯಿ ಕೇಳಿದೆವು. ಎರಡು ತೋಟದವರು ಕೊಟ್ಟರು. ಮೂರನೆಯವರು ಭಾರಿ ಚೆನ್ನಾಗಿದೆ ಅಂದರು, ಕಾಫಿ ಕುಡಿಸಿದರು.